ಎರಡನೇ ಬೋಗಿ, ಮೂರನೇ ಬಾಗಿಲು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ನಗರದ ಎರಡು ಮೆಟ್ರೋ ಮಾರ್ಗಗಳು ಕೂಡುವ ನಿಲ್ದಾಣದಲ್ಲಿ ಮೊದಲ ರೈಲು ಬಾಗಿಲು ತೆರೆಯುವ ಹೊತ್ತಿಗೆ ಆಕೆ ಹಳದಿ ಪಟ್ಟಿಯ ಪಕ್ಕ ನಿಂತಾಗಿದೆ. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈಯ ಮೊಣಕೈ ತುಸು ಹೊರಚಾಚಿದೆ. ಕಣ್ಣು ಕಾಣದವರು ಹಿಡಿದುಕೊಳ್ಳುವುದು ಅದನ್ನೇ.

“ನಾವು ಅವರ ಕೈ ಹಿಡಿದು ಎಳೀಬಾರ್ದು. ಅವರು ನಮ್ಮನ್ನ ಹಿಡ್ಕೋಬೇಕು. ಎಳ್ಕೊಂಡು ಹೋಗೋಕೆ ಅವರೇನು ಗೋಣಿಚೀಲನಾ?” ಎನ್ನುತ್ತಾರೆ.

ದಿನಾ ಓಡಾಡುವವರ ಬಾಯಲ್ಲಿ ಅವರು ‘ಬಾಗಿಲಕ್ಕ’. ವಯಸ್ಸು ನಲವತ್ತೇಳು. ಹೊಲಿಗೆ ಕಾರ್ಖಾನೆಯಲ್ಲಿ ಹದಿಮೂರು ವರ್ಷ ಗುಂಡಿ ಹಚ್ಚಿ ಬೆನ್ನು ಕೈಕೊಟ್ಟ ಮೇಲೆ ಕಣ್ಣು ಕಾಣದ ಪ್ರಯಾಣಿಕರನ್ನು ರೈಲು ಹತ್ತಿಸುವ ಈ ಕೆಲಸಕ್ಕೆ ಬಂದರು; ಒಂಬತ್ತು ವರ್ಷವಾಯಿತು. ಒಂದು ಪಾಳಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಹತ್ತಿಸುತ್ತಾರೆ. ರೈಲು ನಾಲ್ಕು ನಿಮಿಷಕ್ಕೊಂದು, ಬಾಗಿಲು ತೆರೆದಿರುವುದು ಇಪ್ಪತ್ತೈದು ಸೆಕೆಂಡು. ಹತ್ತಿಸಿದ ಕೂಡಲೇ ಅವರು ಇಳಿಯುವ ನಿಲ್ದಾಣಕ್ಕೆ ಫೋನು: ಎಷ್ಟನೇ ಬೋಗಿ, ಎಷ್ಟನೇ ಬಾಗಿಲು. ಅಲ್ಲಿ ಇನ್ನೊಬ್ಬರು ಅದೇ ಬಾಗಿಲ ಎದುರು ಕಾದಿರುತ್ತಾರೆ.

“ಮನೇಲಿರೋದು ಎರಡೇ ಬಾಗಿಲು. ಅದಕ್ಕೂ ನಂಬರ್ ಹಾಕ್ಬಿಡು ಕಣೆ,” ಎಂದು ಗಂಡ ರೇಗಿಸುತ್ತಾರೆ. ಅವರದು ಬೇಕರಿಯ ಒಲೆ ಕೆಲಸ. ಆಕೆ ಎದ್ದು ಹೊರಟಾಗ ಅವರು ಮಲಗಲು ಬರುತ್ತಾರೆ.

ಇತ್ತೀಚೆಗೆ ಆ ತಮಾಷೆಗೆ ಬಾಗಿಲಕ್ಕ ನಗುತ್ತಿಲ್ಲ. ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್ ಹುಡುಗಿಯೊಬ್ಬಳು ನಗರದ ಈ ತುದಿಯಿಂದ ಆ ತುದಿಗೆ ದಿನಾ ಹೋಗುತ್ತಾಳೆ; ಹುಟ್ಟಿನಿಂದ ದೃಷ್ಟಿಯಿಲ್ಲ. ಮೂರು ವರ್ಷ ಬಾಗಿಲಕ್ಕನೇ ಆಕೆಗೆ ಜೊತೆ. ಮೂರು ವಾರದ ಕೆಳಗೆ ಏನೋ ದುರಸ್ತಿಯಿತ್ತೆಂದು ಆ ರೈಲು ಎದುರಿನ ಪ್ಲಾಟ್‌ಫಾರ್ಮಿಗೆ ಬಂತು. ಬೋಗಿ ಎಣಿಸಬೇಕಾದದ್ದು ಚಾಲಕನ ಕಡೆಯಿಂದ; ಆರು ಬೋಗಿಯ ರೈಲು, ಆ ಪ್ಲಾಟ್‌ಫಾರ್ಮಿನಲ್ಲಿ ಮೆಟ್ಟಿಲಿರುವುದು ರೈಲಿನ ಬಾಲದ ಕಡೆ. ಬಾಗಿಲಕ್ಕ ರೂಢಿಯಂತೆ ಮೆಟ್ಟಿಲ ಕಡೆಯಿಂದ ಎಣಿಸಿದರು. ಐದನೇ ಬೋಗಿಯನ್ನು ಎರಡನೆಯದು ಎಂದುಬಿಟ್ಟರು. ಆ ತುದಿಯಲ್ಲಿ ಹುಡುಗಿ ಇಳಿದಾಗ ಎದುರಿಗೆ ಯಾರೂ ಇರಲಿಲ್ಲ. ನೂಕುನುಗ್ಗಲಲ್ಲಿ ಕೋಲು ಹಳಿಗೆ ಬಿತ್ತು. ಹನ್ನೊಂದು ನಿಮಿಷ ಕಂಬ ತಬ್ಬಿಕೊಂಡು ನಿಂತಿದ್ದಳಂತೆ.

ಮರುದಿನ ಕ್ಷಮೆ ಕೇಳಿದರೆ, “ಬಿಡಿ ಆಂಟಿ. ನಾನೇ ಹೋಗ್ತೀನಿ” ಎಂದಳು. ಅಷ್ಟೇ. ಅಂದಿನಿಂದ ಹೊಸ ಕೋಲು ಬಡಿಯುತ್ತಾ ಒಬ್ಬಳೇ ನಡೆಯುತ್ತಾಳೆ.

“ಬೈದಿದ್ರೆ ತಡ್ಕೋತಿದ್ದೆ,” ಎನ್ನುತ್ತಾರೆ ಬಾಗಿಲಕ್ಕ. “ಆ ಹುಡುಗಿ ಇನ್ನೊಂದ್ಸಲ ನನ್ನ ನಂಬಿದ್ರೆ ಸಾಕು.”

ಅವಳು ಹತ್ತುವವರೆಗೂ ಮೂರು ಹೆಜ್ಜೆ ಹಿಂದೆಯೇ ಇರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಆ ತುದಿಯ ಸಹೋದ್ಯೋಗಿಗೆ ಫೋನು: “ಎರಡನೇ ಬೋಗಿ, ಮೂರನೇ ಬಾಗಿಲು. ಮುಟ್ಬೇಡ, ಮಾತಾಡಿಸ್ಬೇಡ. ಸುಮ್ನೆ ನಿಂತಿರು.”

“ನಾನೇನು ಕಂಬಾನಾ ಅಕ್ಕಾ?” ಎಂದು ಗೊಣಗುತ್ತಲೇ ಅವನು ನಿಲ್ಲುತ್ತಾನೆ.

ಎಂಟೂ ಇಪ್ಪತ್ತಕ್ಕೆ ಹುಡುಗಿ ಬರುತ್ತಾಳೆ. ಇಂದು ಪ್ಲಾಟ್‌ಫಾರ್ಮಿನ ನಡುವೆ ನಿಂತು, ಹಿಂದಕ್ಕೆ ತಿರುಗುತ್ತಾಳೆ.

“ಆಂಟಿ, ನಾನು ಇಳಿಯೋ ಕಡೆ ಒಬ್ರು ದಿನಾ ಉಸಿರು ಬಿಗಿಹಿಡಿದು ನಿಂತಿರ್ತಾರಲ್ಲ, ಅವರ ಕೀಗೊಂಚಲು ನಂಗೆ ಕೇಳ್ಸತ್ತೆ. ಇಲ್ಲಿ ನಿಮ್ಮ ಶೂನೂ.”

ಬಾಗಿಲಕ್ಕ ಮುಂದೆ ಬರುತ್ತಾರೆ. “ಬೇಡ ಅಂದ್ರೆ ಹೇಳಮ್ಮಾ, ನಿಲ್ಲಿಸ್ಬಿಡ್ತೀನಿ.”

“ಬೇಡ ಅಂದ್ನಾ ನಾನು? ಕಳ್ಳರ ಥರ ಹಿಂದೆ ಬರ್ಬೇಡಿ, ಅಷ್ಟೇ.” ಕೋಲನ್ನು ಎಡಗೈಗೆ ದಾಟಿಸಿ, ಬಲಗೈ ಮುಂದಕ್ಕೆ ಚಾಚುತ್ತಾಳೆ. “ಇವತ್ತು ಯಾವ ಕಡೆಯಿಂದ ಎಣಿಸ್ತೀರಿ?”

“ಎರಡೂ ಕಡೆಯಿಂದ ಎಣಿಸ್ತೀನಿ ಕಣಮ್ಮಾ. ನೀನೂ ಎಣಿಸು.”

ಇಬ್ಬರೂ ಜೋರಾಗಿ ಎಣಿಸುತ್ತಾ ಹೋಗುತ್ತಾರೆ. ಜನ ತಿರುಗಿ ನೋಡುತ್ತಾರೆ. ರೈಲು ಹೊರಟ ಮೇಲೆ ಬಾಗಿಲಕ್ಕ ಫೋನು ತೆಗೆದು ಆ ತುದಿಯವನಿಗೆ ಬೋಗಿ, ಬಾಗಿಲು ಹೇಳುತ್ತಾರೆ.

“ಇವತ್ತು ಮಾತಾಡಿಸ್ಬಹುದು ಕಣಪ್ಪಾ.”