ನುಯಿಯ ಪದ್ಯವಲ್ಲ

ಕಾನ್ಬೆ ಟೊಯೋಜಿ ಹೋದ ಮಂಗಳವಾರ ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡ. ಸಕಾತಾ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ನಮ್ಮ ಹೈಕು ಕೂಟದಲ್ಲಿ ನನ್ನ ಪಕ್ಕದ ಮೆತ್ತೆ ಅವನದು. ಈಗ ಅಲ್ಲಿ ಯಾರೂ ಕೂರುತ್ತಿಲ್ಲ.

ಕೂಟದಲ್ಲಿ ಎಲ್ಲರೂ ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕುತ್ತೇವೆ. ಚೀಟಿಗಳನ್ನು ಕಲಸಿ ಹಂಚಿದ ಮೇಲೆ, ಕೈಬರಹ ಗುರುತು ಸಿಗದಂತೆ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತೇವೆ. ಮೆಚ್ಚುಗೆಯಾದದ್ದನ್ನು ಓದಿದಾಗ ಬರೆದವರು ಕೂತಲ್ಲಿಂದಲೇ ತಮ್ಮ ಹೆಸರು ಹೇಳಬೇಕು. ಅದಕ್ಕೂ ಮೊದಲೇ "ಗಂಡು", "ಹೆಣ್ಣು" ಎಂದು ಊಹಿಸುವುದು ನಮ್ಮ ಕಜಾಮಾ ಮೇಷ್ಟ್ರ ಚಟ. ಎಷ್ಟೋ ಸಲ ಸರಿಯಾಗುತ್ತಿತ್ತು.

ಟೊಯೋಜಿಯ ಹೆಂಡತಿ ನುಯಿ ಕೂಡ ಸದಸ್ಯೆ. ಕೀಲುನೋವಿನಿಂದ ಹಾಸಿಗೆ ಹಿಡಿದ ಮೇಲೆ ಅವಳ ಚೀಟಿಗಳನ್ನು ಅವನೇ ತರುತ್ತಿದ್ದ. ಅವಳು ಸತ್ತ ನಂತರ, ಅಲ್ಲಿಯವರೆಗೆ ಅಪರೂಪಕ್ಕೆ ಬರೆಯುತ್ತಿದ್ದವನು ತಪ್ಪದೆ ಬರೆಯತೊಡಗಿದ. ಪಾತ್ರೆ ಒರೆಸುವ ಬಟ್ಟೆ, ಮೂಲಂಗಿ ಉಪ್ಪಿನಕಾಯಿ, ಸೂಜಿಗೆ ಪೋಣಿಸುವ ದಾರ. ಪ್ರತಿ ಸಲ ಮೇಷ್ಟ್ರು "ಹೆಣ್ಣು" ಅನ್ನುವರು. ಇವನು ಗಡ್ಡದೊಳಗೇ ಗೊಣಗಿದಂತೆ ತನ್ನ ಹೆಸರು ಹೇಳುವನು.

ಒಂದು ದಿನ ದಂತವೈದ್ಯರ ಹೆಂಡತಿ ಸುಮಿ ಕಣ್ಣೊರೆಸಿಕೊಂಡರು. "ನುಯಿ ಸಾನ್ ಮಾತಾಡಿದ ಹಾಗೇ ಇದೆ!"

ಮೇಷ್ಟ್ರು ಮೆಲ್ಲಗೆ ಹೇಳಿದರು: "ಟೊಯೋಜಿ ಸಾನ್, ಅವರು ಬರೆದಿಟ್ಟು ಹೋಗಿದ್ರೆ ಹೇಳಿಬಿಡಿ. ನಾಚ್ಕೆ ಯಾಕೆ? ಈ ವರ್ಷದ ಸಂಕಲನದಲ್ಲಿ ಅವರ ಹೆಸರಲ್ಲೇ ಹಾಕೋಣ."

"ನಾನೇ ಬರೆದದ್ದು."

"ಲೋ, ಕ್ರೇನ್ ಎಳೆದ ಕೈಗೆ ಪಾತ್ರೆ ಬಟ್ಟೆ ಎಲ್ಲಿಂದ ಬಂತೋ?" ಎಂದ ಮದ್ಯದಂಗಡಿಯ ಇಗರಾಶಿ. ಎಲ್ಲರೂ ನಕ್ಕರು.

"ಇಷ್ಟು ವರ್ಷ ಅಡುಗೆಮನೆ ಯಾರು ನೋಡ್ಕೊಂಡ್ರು ಅಂದ್ಕೊಂಡಿದ್ದೀಯ? ಅವಳಿಗೆ ಲೋಟ ಎತ್ತೋಕೆ ಆಗ್ತಿರಲಿಲ್ಲ. ಅವಳು ಬರೀತಿದ್ದದ್ದು ಸುಮೋ ಜಟ್ಟಿಗಳ ಬಗ್ಗೆ, ರೇಡಿಯೋ ಕೇಳ್ಕೊಂಡು. ಯಾರಿಗೂ ಒಂದೂ ನೆನಪಿಲ್ವಾ?"

ನುಯಿ ಹೆಂಗಸು ಎನ್ನುವುದೊಂದೇ ಎಲ್ಲರಿಗೂ ನೆನಪಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಅವನು ನನಗೆ ಹೇಳಿದ: "ನನ್ನ ಹೆಸರು ಬಿಟ್ಟುಹೋದ್ರೆ ಹೋಗ್ಲಿ. ಅವಳದ್ದಲ್ಲದ್ದು ಅವಳ ಹೆಸರಲ್ಲಿ ಅಚ್ಚಾಗಿಬಿಟ್ರೆ, ಇವಳು ಹೀಗೇ ಬರೀತಿದ್ಲು ಅಂತ ಆಗಿಬಿಡುತ್ತೆ."

ಮುಂದಿನ ಕೂಟಕ್ಕೆ ಬಂದವನೇ, ಈಗಲೇ ಒಂದು ವಿಷಯ ಕೊಡಿ, ಇಲ್ಲೇ ಕೂತು ಬರೆಯೋಣ ಎಂದ. ಮೇಷ್ಟ್ರು "ಹೊಸ ಅಕ್ಕಿ" ಎಂದರು. ಬರೆದೆವು, ನಕಲು ಮಾಡಿದೆವು. ಮೇಷ್ಟ್ರು ಮೊದಲನೆಯದನ್ನು ಓದಿದರು:

ಹೊಸ ಅಕ್ಕಿ ಮೂಟೆ
ಇಳಿಸಿದ ಮೇಲೂ
ಭುಜ ಬಾಗಿಯೇ ಇದೆ

"ಗಂಡು. ಇದು ಟೊಯೋಜಿ ಸಾನ್‌ದೇ."

"ಸುಮಿ," ಎಂದರು ಸುಮಿ, ಮುಖ ಕೆಂಪಾಗಿ. "ಅಪ್ಪನ ಗದ್ದೇಲಿ ಎಷ್ಟು ಹೊತ್ತಿದ್ದೀನಿ."

"ಮೇಷ್ಟ್ರೇ, ನಾನು ಗಂಡೋ ಹೆಣ್ಣೋ ಅದೂ ಒಂದು ಹೇಳಿಬಿಡಿ," ಎಂದ ಇಗರಾಶಿ.

ಮೇಷ್ಟ್ರು ನಗದೆ ಇನ್ನೊಂದನ್ನು ಓದಿದರು:

ಹೊಸ ಅಕ್ಕಿ ತೊಳೆದೆ
ನೀರು ತಿಳಿಯಾಗುವವರೆಗೂ
ಯಾರೂ ಕರೆಯಲಿಲ್ಲ

"ಹೆಣ್..." ಎಂದವರು ತಡೆದು ಹೆಂಗಸರ ಕಡೆ ನೋಡಿದರು. ಅಲ್ಲಿಂದ ಹೆಸರು ಬರಲಿಲ್ಲ.

"ಟೊಯೋಜಿ," ಎಂದ ಅವನು, ಈ ಸಲ ಬಾಯಿಬಿಟ್ಟು.

ಮೇಷ್ಟ್ರು ಹಾಳೆಯನ್ನು ಇನ್ನೊಮ್ಮೆ ಓದಿಕೊಂಡರು. "ಸಂಕಲನಕ್ಕೆ ಇದು ನಿಮ್ಮ ಹೆಸರಲ್ಲೇ ಹೋಗುತ್ತೆ. ಹಿಂದಿನವೂ ಅಷ್ಟೇ. ಹಾಗಾದ್ರೆ ನುಯಿ ಸಾನ್‌ದು ಯಾವುದು ಹಾಕೋಣ?"

ಟೊಯೋಜಿ ಕಾಲು ಮಡಿಸಿ ನೆಟ್ಟಗೆ ಕೂತ. ಬಾಯಿಪಾಠವಾಗಿಯೇ ಹೇಳಿದ:

ಮಹಾಜಟ್ಟಿ ಬಿದ್ದ
ಜನರ ಕೂಗು ಮುಗಿದ ಮೇಲೆ
ಗುಡುಗು ಕೇಳಿಸಿತು

ಆಮೇಲೆ, ಬರೆದವರು ಹೇಳುವ ಹಾಗೆಯೇ, ಗಟ್ಟಿಯಾಗಿ "ನುಯಿ" ಎಂದ.