ಬಿಯರ್ ಲೋಟದಲ್ಲಿ ಶುಂಠಿ ಸೋಡಾ

"ಒಂದೇ ಸಿಪ್ ಗುರು, ಬಿಯರ್‌ಗೆಲ್ಲ ಏನೂ ಆಗಲ್ಲ!" ಎನ್ನುತ್ತ ಸಹೋದ್ಯೋಗಿಯೊಬ್ಬರು ನನ್ನ ಯಜಮಾನರ ಮುಂದೆ ಪುಟ್ಟ ಲೋಟ ಸರಿಸಿದರು. ವೈಟ್‌ಫೀಲ್ಡ್‌ನ ಬ್ರೂವರಿಯೊಂದರಲ್ಲಿ, ಬಗೆಬಗೆಯ ಬಿಯರ್ ರುಚಿ ನೋಡುವ ಕೋಣೆಯಲ್ಲಿ, ಅವರ ಆಫೀಸಿನವರ ಕುಟುಂಬ ಸಮೇತ ಕೂಟವಿತ್ತು. ಇವರು ಕುಡಿತ ಬಿಟ್ಟು ಎರಡು ವರ್ಷ. ಅದಕ್ಕೆ ಪಟ್ಟ ಪಾಡು ನಮ್ಮಿಬ್ಬರಿಗೇ ಗೊತ್ತು. ನಗುನಗುತ್ತಲೇ ಬೇಡವೆಂದರೂ, ಮೇಜಿನ ಕೆಳಗೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಬಗ್ಗಿ ಮೇಜು ಒರೆಸುತ್ತಿದ್ದ ಹುಡುಗಿಗೆ ಅದು ಕಂಡಿರಬೇಕು. "ಸಾರ್, ಇದ್ರಲ್ಲಿ ನೊರೆನೇ ಹೋಗ್ಬಿಟ್ಟಿದೆ, ಬೇರೆ ತರ್ತೀನಿ" ಎಂದು ಲೋಟ ಎತ್ತಿಕೊಂಡು ಹೋದಳು. ಅಂಥದ್ದೇ ಲೋಟದಲ್ಲಿ, ಅದೇ ಹೊಂಬಣ್ಣದ್ದೇನನ್ನೋ ತಂದಿಟ್ಟು ನನ್ನ ಕಿವಿಯ ಬಳಿ ಬಂದಳು. "ಬರೀ ಶುಂಠಿ ಸೋಡಾ ಅಕ್ಕ. ಅಣ್ಣ ಧೈರ್ಯವಾಗಿ ಕುಡೀಲಿ."

ನಾನು ಇವರಿಗೆ ಪಿಸುಗುಟ್ಟಿದೆ. ಇವರು ಒಂದೇ ಗುಟುಕಿಗೆ ಮುಗಿಸಿ, "ಸಕ್ಕತ್ತಾಗಿದೆ!" ಎಂದರು. ಸಹೋದ್ಯೋಗಿ ಬೆನ್ನು ತಟ್ಟಿ ಬೇರೆಯವರತ್ತ ತಿರುಗಿದರು.

ವಾಪಸ್ ಬರುವಾಗ ಇವರು, "ಕುಡಿಯೋದು ಬಿಟ್ಟಿದ್ದೀನಿ ಅಂತ ಇನ್ಮೇಲೆ ನಾನೇ ಹೇಳ್ಬಿಡ್ತೀನಿ ಕಣೇ" ಎಂದರು. ಇವರನ್ನು ಕಾಯುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಆ ಮಧ್ಯಾಹ್ನ, ಹೆಸರೂ ಗೊತ್ತಿಲ್ಲದ ಹುಡುಗಿಯೊಬ್ಬಳು ನನ್ನ ಜೊತೆ ಕಾವಲು ನಿಂತಿದ್ದಳು.