ಉಡಿ ಬೇಡವೆಂದ ವರದಿಗಾರ್ತಿ

ಇಂಗ್ಲಿಷರ ನಾಡಿನ ಫೆಲ್ಥಮ್‌ನಲ್ಲಿ ನಮ್ಮದು ನಾಲ್ಕನೆಯ ಮಹಡಿಯ ಕೌನ್ಸಿಲ್ ಫ್ಲಾಟ್, ಅಂದರೆ ಇಲ್ಲಿನ ನಗರಸಭೆಯ ಬಾಡಿಗೆ ಮನೆ. ಲಿಫ್ಟ್ ಕೆಟ್ಟು ಬಹಳ ದಿನವಾದರೂ ಕೇಳುವವರಿರಲಿಲ್ಲ. ಮಂಡಿನೋವಿನ ಅತ್ತೆ ಮನೆಯಲ್ಲೇ ಉಳಿದರು. ದೇವರು ಕಿಟಕಿಗೆ ಬೆಳಗಿನ ಬಿಸಿಲಾದರೂ ಕೊಟ್ಟಿದ್ದಾನಲ್ಲ ಎಂದು ಕೈಮುಗಿದೆ. ಆದರೆ ಬಿಸಿಲಿನಿಂದ ಲಿಫ್ಟ್ ರಿಪೇರಿಯಾಗುವುದಿಲ್ಲ. ಸ್ಥಳೀಯ ಪತ್ರಿಕೆಗೆ ಫೋನ್ ಮಾಡಿದೆ.

ಬಂದವಳು ಇಂಗ್ಲಿಷ್ ಹುಡುಗಿ. ರೆಕಾರ್ಡಿಂಗಿಗೆಂದು ಫೋನನ್ನು ಮೇಜಿನ ಮೇಲಿಟ್ಟಳು. ಹೊಸ ಮುಖ ಕಂಡ ಖುಷಿಗೆ ಅತ್ತೆ ಧಾರವಾಡದ ಮಾತಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಜಿಪಿ ಡಾಕ್ಟರ ಹತ್ತಿರ ಹೋಗಿ ಬರುವಾಗ ಮೆಟ್ಟಿಲು ಹತ್ತುವುದು ತಡವಾಗಿ, ತಡೆಯಲಾಗದೆ ನಡುವೆಯೇ ಸೀರೆ ಒದ್ದೆಯಾದದ್ದನ್ನೂ ಬಿಡಲಿಲ್ಲ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು, "ಮೆಟ್ಟಿಲು ಕಷ್ಟವಂತೆ," ಅಷ್ಟೇ.

ಹುಡುಗಿ ನಕ್ಕಳು. "ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವಾ? ಇರಲಿ, ಅನುವಾದ ಮಾಡೋ ಆ್ಯಪ್ ಇದೆ."

ಇನ್ನು ಮುಚ್ಚಿಟ್ಟು ಫಲವಿಲ್ಲ. ಸೀರೆಯ ವಿಷಯ ಹೇಳಿ, ಅದೊಂದನ್ನು ಬರೆಯಬೇಡ ಎಂದೆ. ಅವರೇ ಹೇಳಿದ್ದಲ್ಲವೇ, ಅಂಥದ್ದು ಓದಿದರೇ ಕೌನ್ಸಿಲ್‌ನವರು ಏಳುವುದು ಎಂದಳು. ಅವಳು ಹೇಳಿದ್ದೂ ಸುಳ್ಳಲ್ಲ.

ಹೊರಡಲು ಎದ್ದಳು. ಮನೆಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸುವುದುಂಟೇ? ಕುಂಕುಮವಿಟ್ಟು, ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ತಂದು ಉಡಿ ತುಂಬಲು ಹೋದೆ. ಹಾವು ಕಂಡವಳಂತೆ ಹಿಂದೆ ಸರಿದಳು. ಯಾರ ಬಗ್ಗೆ ಬರೆಯುತ್ತೇವೋ ಅವರಿಂದ ಉಡುಗೊರೆ ಪಡೆಯಬಾರದು, ಪತ್ರಿಕೆಯ ನಿಯಮವಂತೆ.

"ಏನಂತಾಳವಾ?" ಎಂದರು ಅತ್ತೆ. ಕಾಯಿಯ ಸಂಗತಿಯನ್ನೂ ಸೀರೆಯ ಸಂಗತಿಯನ್ನೂ ತಿಳಿಸಿದೆ. ಅವರು ಕನ್ನಡಕ ಏರಿಸಿ ಹುಡುಗಿಯನ್ನು ನೋಡಿದರು.

"ಭಾಳ ಶಾಣ್ಯಾಕಿ ಇದ್ದಿ ನೋಡು! ಟೆಂಗಿನಕಾಯಿ ಒಯ್ಯಾಕ ನಿಯಮ ಅಡ್ಡ ಬರತದ. ಮುದುಕಿ ಮರ್ಯಾದಿ ಒಯ್ಯಾಕ ಅಡ್ಡ ಬರೂದಿಲ್ಲೇನು?"

ಈ ಸಲ ಒಂದಕ್ಷರವನ್ನೂ ಬಿಡದೆ ಅನುವಾದಿಸಿದೆ.

ಹುಡುಗಿಯ ಕಿವಿ ಕೆಂಪಾದವು. ಮತ್ತೆ ಕೂತು, ಏನೇನು ಬಿಡಲಿ ಎಂದು ಅತ್ತೆಯನ್ನೇ ಕೇಳಿದಳು.

"ಸೀರಿದ್ದು ಬಿಡು. ಕೌನ್ಸಿಲ್‌ನವ್ರನ್ನ ಮಾತ್ರ ಬಿಡಬ್ಯಾಡ. ಛಲೋತ್ನಾಗಿ ಬೈದು ಬರಿ!"

ಹಾಗೆಯೇ ಬರೆದಳು. ಇಳಕಲ್ ಸೀರೆಯುಟ್ಟು ಅತ್ತೆ ಮೆಟ್ಟಿಲ ಬಳಿ ನಿಂತ ಫೋಟೊ ಬಂತು. ಬೆನ್ನಿಗೇ ಲಿಫ್ಟ್ ರಿಪೇರಿಗೂ ಜನ ಬಂದರು. ಅವಳ ಲೇಖನಿಗೆ ದೇವರು ಆಯಸ್ಸು ಕೊಡಲಿ. ಅತ್ತೆಗೆ ಮಾತ್ರ ಅಸಮಾಧಾನ: "ಅಷ್ಟೊತ್ತು ಮಾತಾಡೀನಿ, ಇಷ್ಟ ಬರದಾಳ?"

ಲಿಫ್ಟ್ ಸರಿಯಾದ ದಿನವೇ ಅವರು ಕೆಳಗಿಳಿದು, ಬೆಂಚಿನ ಮೇಲೆ ಒಬ್ಬ ಗುಜರಾತಿ ಅಜ್ಜಿಯ ಪಕ್ಕ ಕೂತರು. ಸಂಜೆ ಕರೆಯಲು ಹೋದರೆ, ಸೆರಗು ಹಿಡಿದು ಕೈಸನ್ನೆ ಮಾಡುತ್ತ ಅದೇ ಸೀರೆಯ ಕಥೆ ಹೇಳುತ್ತಿದ್ದಾರೆ! ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ನನ್ನನ್ನು ಕಂಡಿದ್ದೇ ಅತ್ತೆ ಸೆರಗು ಸರಿಮಾಡಿಕೊಂಡರು.

"ನೀ ಯಾಕ ಬಂದಿ? ನಮ್ಮ ನಮ್ಮ ಮಾತು ನಡದಾವ. ಮ್ಯಾಲ ನಡಿ."

ನಾನು ಲಿಫ್ಟ್ ಹತ್ತಿದೆ.